ಕಿವಿಯಕ್ಕನ ಬಲಗಿವಿ

ಮೊದಲು ಬಂದದ್ದು ಕೊಯ್ಯೆನ್ನುವ ಸದ್ದು, ಅದರ ಹಿಂದೆ ಪಿಕಪ್ ಗಾಡಿ. ಆ ಸದ್ದು ಸಣ್ಣಗೆ ಶುರುವಾಗಿ, ಚಾಲಕ ಆಕ್ಸಿಲರೇಟರ್ ಒತ್ತಿದಂತೆಲ್ಲ ಏರಿ, ಕಾಲು ತೆಗೆದಂತೆಲ್ಲ ಇಳಿಯುತ್ತಿತ್ತು. ಅದರ ಸುತ್ತ ಬಾಣಲೆಯಲ್ಲಿ ಏನೋ ಹುರಿದಂತೆ ಚರಚರ. ಎರಡರ ಅಡಿಯಲ್ಲಿ ರೇಡಿಯೋದೊಳಗಿನ ಮನುಷ್ಯನೊಬ್ಬ ಮಾತಾಡುತ್ತಿದ್ದ. ಏನೆಂದು ಅವನಿಗೇ ಗೊತ್ತಿರಬೇಕು.

ಷೆಡ್ಡಿನೊಳಗೆ ಸ್ಟೂಲಿನ ಮೇಲೆ ಕೂತು ಸ್ಪೀಕರ್ ತಂತಿಗೆ ಬೆಸುಗೆ ಹಾಕುತ್ತಿದ್ದ ಕಿವಿಯಕ್ಕ ತಲೆಯೆತ್ತಿ ನೋಡಲಿಲ್ಲ. ಬಲಗಿವಿಯನ್ನು ರಸ್ತೆಯ ಕಡೆ ತಿರುಗಿಸಿದಳು, ಅಷ್ಟೆ.

"ಎರಡು ಕಾಯಿಲೆ," ಎಂದಳು.

"ಗಾಡಿ ಇನ್ನೂ ನಿಂತೇ ಇಲ್ಲ, ಡಾಕ್ಟರಮ್ಮ ಚೀಟಿ ಬರೆದೇಬಿಟ್ರು," ಎಂದ ಪಕ್ಕದ ಷೆಡ್ಡಿನಲ್ಲಿ ಕಾರಿನ ಬಾಗಿಲಿಗೆ ಪುಟ್ಟಿ ಮೆತ್ತುತ್ತಿದ್ದ ಅವಳ ಗಂಡ. ಗಾಡಿಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು. ಅವನ ಮಾತು ಎಡಗಡೆಯಿಂದ ಬಂದಿತ್ತು. ಅವಳಿಗೆ ಅರ್ಧವೂ ತಲುಪಲಿಲ್ಲ.

ಚಿಕ್ಕಂದಿನ ಜ್ವರವೊಂದು ಹೋಗುವಾಗ ಅವಳ ಎಡಗಿವಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಓಣಿಯ ಮಕ್ಕಳು ಆ ಪಕ್ಕಕ್ಕೆ ನಿಂತು "ಏ ಕಿವೀ" ಎಂದು ಪಿಸುಗುಟ್ಟಿ, ಅವಳು ತಿರುಗದಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ಗೇಲಿಗೆ ಇಟ್ಟ ಹೆಸರು ಅದು. ಆಮೇಲೆ ಅವಳು ರೇಡಿಯೋ ಕಾರ್ಖಾನೆ ಸೇರಿದಳು. ತಯಾರಾದ ಸೆಟ್ಟುಗಳನ್ನು ಒಂದೊಂದಾಗಿ ಕೇಳಿ ಪಾಸು ಮಾಡುವ ಕೆಲಸ. ಒಂದೇ ಬಳೆಯಿದ್ದವಳು ಅದನ್ನು ಜೋಪಾನ ಮಾಡುವಂತೆ ಅವಳು ಆ ಒಂದು ಕಿವಿಯನ್ನು ಸಾಕಿದಳು. ಉಳಿದವರು ಕೈಬಿಟ್ಟ ಸೆಟ್ಟುಗಳು ಕೊನೆಗೆ ಅವಳ ಮೇಜಿಗೇ ಬರುವಂತಾಯಿತು. ಕಾರ್ಖಾನೆ ಮುಚ್ಚಿದ ಮೇಲೆ ಗಂಡನ ಷೆಡ್ಡಿನ ಮಗ್ಗುಲಲ್ಲಿ ತನ್ನದೊಂದು ಷೆಡ್ಡು ಹಾಕಿಕೊಂಡು ಗಾಡಿಗಳ ರೇಡಿಯೋ ರಿಪೇರಿಗೆ ಕೂತಳು. ಗೇಲಿಯ ಹೆಸರಿಗೆ ಯಾರೋ ಅಕ್ಕ ಎಂದು ಸೇರಿಸಿದರು. ಈಗ ಬೋರ್ಡಿನ ಮೇಲೂ ಅದೇ ಹೆಸರು.

ಊಟಕ್ಕೆ ಕೂತಾಗ ಗಂಡನನ್ನು ಎಡಕ್ಕೇ ಕೂರಿಸಿಕೊಳ್ಳುತ್ತಾಳೆ. "ಸಂಸಾರ ಇಷ್ಟು ದಿನ ನಡೆದಿದ್ದು ಅದಕ್ಕೇ," ಎಂದು ಬಂದವರೆದುರಿಗೇ ಹೇಳುತ್ತಾಳೆ. ಅವನು ಎಲ್ಲರಿಗಿಂತ ಜೋರಾಗಿ ನಗುತ್ತಾನೆ.

ಪಿಕಪ್ ನಿಂತಿತು. ಹಿಂದೆ ಹಗ್ಗ ಬಿಗಿದ ಹಾಸಿಗೆಗಳ ರಾಶಿ. ಮೈಗೆಲ್ಲ ಹೊಸ ನೀಲಿ ಬಣ್ಣ, ಮುಖ ನೋಡಿಕೊಳ್ಳಬಹುದು ಹಾಗೆ. ಹೋದ ವಾರ ಅವಳ ಗಂಡನೇ ಹೊಡೆದುಕೊಟ್ಟಿದ್ದ. ಚಾಲಕ ಧಡಕ್ಕನೆ ಇಳಿದ.

"ಅಕ್ಕಾ, ಕೈಮುಗೀತೀನಿ. ನಾಲ್ಕು ಗಂಟೆಯೊಳಗೆ ಇದು ಮಾತಾಡಬೇಕು."

"ಮಾತಾಡ್ತಾನೇ ಇದೆಯಲ್ಲೋ."

"ಮಾತಲ್ಲ ಅಕ್ಕಾ, ಬೈತಾ ಇದೆ."

ಅವನ ಹೆಂಡತಿ ಹೊಲಿಗೆ ಕೆಲಸದವಳು. ಮಾತಿಗೆ ಮೊದಲಿನಿಂದಲೂ ತೊದಲು. ತನ್ನ ಕೆಲಸದ ಬಗ್ಗೆ ತಾನೇ ಬರೆದದ್ದನ್ನು ಅವಳು ಇವತ್ತು ನಾಲ್ಕಕ್ಕೆ ಊರಿನ ಪುಟ್ಟ ರೇಡಿಯೋ ಕೇಂದ್ರದಲ್ಲಿ ನೇರವಾಗಿ ಓದುವವಳಿದ್ದಳು.

"ನಾನೂ ಬರ್ತೀನಿ ಅಂದ್ರೆ ಬೇಡ ಅಂದ್ಲು. ನನ್ನ ಮುಖ ಕಂಡ್ರೆ ಮಾತು ಸಿಕ್ಕಿಕೊಳ್ಳುತ್ತಂತೆ."

"ಅದಕ್ಕೇನು, ನನ್ನ ಮೇಜಿನ ಮೇಲೆ ಬೇಕಾದಷ್ಟು ಸೆಟ್ಟಿವೆ. ಇಲ್ಲೇ ಕೂತು ಕೇಳು."

ಅವನು ತಲೆಯಾಡಿಸಿದ. "ಗಾಡಿಯಲ್ಲೇ ಕೇಳ್ಬೇಕಕ್ಕಾ. ಅವಳು ಓದಿ ಓದಿ ರೂಢಿ ಮಾಡಿದ್ದು ಇದರಲ್ಲೇ, ನನ್ನ ಪಕ್ಕದ ಸೀಟಲ್ಲಿ. ಗಾಡಿಯಲ್ಲಿ ಕೂತ್ರೆ ಇಬ್ಬರೂ ರಸ್ತೆ ನೋಡ್ತೀವಿ, ಮುಖ ನೋಡಲ್ವಲ್ಲ, ಮಾತು ಸಲೀಸಾಗಿ ಬರುತ್ತೆ. 'ನೀನು ಗಾಡಿಯಲ್ಲಿ ಕೂತಿರು, ನಾನು ಆ ಸೀಟನ್ನೇ ನೆನೆಸ್ಕೊಂಡು ಓದ್ತೀನಿ' ಅಂದಿದಾಳೆ. ಹೂಂ ಅಂದುಬಿಟ್ಟಿದೀನಿ."

ಕಿವಿಯಕ್ಕ ಬೆಸುಗೆಯ ಕಡ್ಡಿ ಕೆಳಗಿಟ್ಟಳು.

"ಯಾವಾಗಿಂದ ಹೀಗೆ?"

"ಮೊಬೈಲ್ ಚಾರ್ಜರ್ ತಂದು ಸಿಕ್ಕಿಸಿದಾಗಿನಿಂದ ಅನ್ಸುತ್ತೆ."

"ಸರಿ. ಹತ್ತು. ಬಾಯಿಗೆ ಬೀಗ."

ಅವಳ ಕ್ರಮವೇ ಹಾಗೆ. ಬಿಚ್ಚುವುದಕ್ಕೆ ಮೊದಲು ಕೇಳಬೇಕು. ಪಕ್ಕದ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿ, ಎಂಜಿನ್ ಆರಿಸು ಎಂದು ಕೈಸನ್ನೆ ಮಾಡಿದಳು. ಕೊಯ್ ನಿಂತಿತು, ಚರಚರ ನಿಲ್ಲಲಿಲ್ಲ. ಚಾರ್ಜರ್ ಕಿತ್ತು ಮತ್ತೆ ಎಂಜಿನ್ ಹಾಕಿಸಿದಳು. ಕೊಯ್ ಮತ್ತೆ ಏಳಲಿಲ್ಲ.

"ಒಂದು ಹೋಯ್ತು. ಇದನ್ನ ನಿನ್ನ ವೈರಿಗೆ ಉಡುಗೊರೆ ಕೊಡು."

ಚಾಲಕ ನಕ್ಕ. ಆದರೆ ಚರಚರ ಹಾಗೇ ಇತ್ತು, ಗಡಿಯಾರವೂ ನಿಂತಿರಲಿಲ್ಲ. ಅವಳು ರೇಡಿಯೋವನ್ನು ಗೂಡಿನಿಂದ ಹೊರಗೆಳೆದು, ಹಿಂದಿನಿಂದ ಏರಿಯಲ್ ಕಡ್ಡಿಯ ಪಿನ್ನು ಕಿತ್ತಳು. ಸದ್ದಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗಲಿಲ್ಲ. ಇದ್ದಾಗಲೂ ಅಷ್ಟೆ, ಕಿತ್ತಾಗಲೂ ಅಷ್ಟೆ. ಅಂದರೆ ಏರಿಯಲ್ ಹೆಸರಿಗೆ ಮಾತ್ರ ನಿಂತಿದೆ, ದುಡಿಯುತ್ತಿಲ್ಲ.

ವೈರು ಎಲ್ಲೋ ಕಡಿದಿರಬೇಕೆಂದುಕೊಂಡಳು. ಮೀಟರು ಹಿಡಿದು ಉದ್ದಕ್ಕೂ ನೋಡಿದಳು. ವೈರು ಗಟ್ಟಿಮುಟ್ಟಾಗಿತ್ತು. ಇನ್ನೊಮ್ಮೆ ನೋಡಿದಳು. ಎರಡನೆಯ ಸಲ ನೋಡಬೇಕಾಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಉಳಿದಿದ್ದ ಜಾಗ ಒಂದೇ, ಬಾನೆಟ್ಟಿನ ಪಕ್ಕ ಏರಿಯಲ್ ನಿಂತಿದ್ದ ಬುಡ. ಅಲ್ಲಿ ನೀಲಿ ಬಣ್ಣ ಒಂದು ಗೆರೆಯೂ ತಪ್ಪದೆ ಹೊಳೆಯುತ್ತಿತ್ತು. ಆ ಹೊಳಪಿಗೆ ಕೈ ಹಾಕಲು ಅವಳಿಗೆ ಮನಸ್ಸಿರಲಿಲ್ಲ. ಬೇರೆ ಯಾರ ಕೆಲಸವಾಗಿದ್ದರೂ ಮೊದಲು ಅಲ್ಲೇ ನೋಡುತ್ತಿದ್ದಳೇನೋ.

ಷೆಡ್ಡಿನಲ್ಲಿದ್ದ ಹಳೆಯ ಏರಿಯಲ್ ಒಂದನ್ನು ತಂದು ರೇಡಿಯೋಗೆ ಸಿಕ್ಕಿಸಿ, ಅದರ ಬುಡವನ್ನು ಬಾನೆಟ್ಟಿನೊಳಗಿನ ಬರಿಯ ಬೋಲ್ಟಿಗೆ ಒತ್ತಿ ಹಿಡಿದಳು. ರೇಡಿಯೋದೊಳಗಿನ ಮನುಷ್ಯ ಪಕ್ಕದಲ್ಲೇ ಕೂತವನಂತೆ ಹವಾಮಾನ ಹೇಳತೊಡಗಿದ.

"ರೀ!" ಎಂದು ಕೂಗಿದಳು. "ಈ ಗಾಡಿಗೆ ಏರಿಯಲ್ ಬಿಚ್ಚಿ ಬಣ್ಣ ಹೊಡೆದ್ರೋ, ಹಾಗೇ ಹೊಡೆದ್ರೋ?"

ಗಂಡ ಪುಟ್ಟಿಯ ಕೈಯಲ್ಲೇ ಬಂದ. "ಹಾಗೇ ಹೊಡೆಯೋಕೆ ನಾನೇನು ಕಾಂಪೌಂಡಿಗೆ ಸುಣ್ಣ ಬಳಿಯೋನಾ? ಬಿಚ್ಚಿ, ತೂತಿನ ಒಳಗೂ ಅಡಿಗೂ ಪ್ರೈಮರ್ ಕೊಟ್ಟು, ಮೇಲೆ ಬಣ್ಣ ಕೊಟ್ಟು, ಒಣಗಿಸಿ ಕೂರಿಸಿದೀನಿ. ಯಾರೂ ನೋಡದ ಜಾಗದಲ್ಲೂ ನನ್ನ ಕೆಲಸ ಹೊಳೀಬೇಕು."

"ಹೊಳೀತಿದೆ. ಅದೇ ಕಾಯಿಲೆ."

"ಏನಂದೆ?"

"ಏರಿಯಲ್ ಬುಡ ಬರೀ ತಗಡನ್ನ ಕಚ್ಚಿಕೊಂಡಿರಬೇಕು ಕಣ್ರೀ. ಆಗಲೇ ಅದಕ್ಕೆ ಅರ್ಥಿಂಗು, ಕಾಲೂರೋಕೆ ನೆಲ ಸಿಗೋದು. ನೀವು ಮೆತ್ತಗೆ ಬಣ್ಣದ ಹಾಸಿಗೆ ಹಾಸಿ ಮಲಗಿಸಿದೀರಿ."

"ಹಾಸಿಗೆ ನನ್ನ ಗಾಡಿಯಲ್ಲೂ ಬೇಕಾದಷ್ಟಿವೆ ಭಾವ," ಎಂದ ಚಾಲಕ. ಭಾವ ನಗಲಿಲ್ಲ.

"ಈಗ ಏನು, ಕೆರೀತೀಯಾ?"

"ಕೆರೀತೀನಿ. ಅಡಿಯಲ್ಲಿ, ಉಗುರಗಲ."

ಅವನು ಆ ನೀಲಿಯನ್ನು ನೋಡಿದ. ಚಾಲಕನ ಮುಖ ನೋಡಿದ. ಚಾಲಕ ಗೋಡೆಯ ಗಡಿಯಾರ ನೋಡುತ್ತಿದ್ದ. ಗಂಡ ಕೈ ಒರೆಸಿಕೊಂಡು ಅವಳಿಂದ ಉಜ್ಜುಕಾಗದ ಕಸಿದುಕೊಂಡ.

"ಕೊಡಿಲ್ಲಿ. ನೀನು ಕೆರೆದ್ರೆ ಇಲಿ ಕಡಿದ ಹಾಗಿರುತ್ತೆ. ಕೆಡಿಸೋದಾದ್ರೂ ನೀಟಾಗಿ ಕೆಡಿಸೋಣ."

ಏರಿಯಲ್ ಬಿಚ್ಚಿ, ಚಕ್ರದ ಮೇಲಿನ ಇಕ್ಕಟ್ಟಿನಲ್ಲಿ ತೋಳು ತೂರಿಸಿ, ತಾನೇ ಹೊಡೆದ ಬಣ್ಣವನ್ನು ತಾನೇ ಉಜ್ಜಿ ತೆಗೆದ. ತೂತಿನ ಸುತ್ತ ಬೆಳ್ಳಗೆ ತಗಡು ಕಂಡಿತು. ತುಕ್ಕು ಹಿಡಿಯದಿರಲೆಂದು ಅವಳು ಅದಕ್ಕೆ ಚೂರು ಗ್ರೀಸು ಸವರಿ, ಬುಡ ಕೂರಿಸಿ ನಟ್ಟು ಬಿಗಿದಳು. ಪಿನ್ನು ಸಿಕ್ಕಿಸಿ ರೇಡಿಯೋವನ್ನು ಗೂಡಿಗೆ ತಳ್ಳುವಷ್ಟರಲ್ಲಿ ನಾಲ್ಕರ ಸುದ್ದಿಯ ಶೀರ್ಷಿಕೆಗಳು ಮುಗಿಯುತ್ತಿದ್ದವು. ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಬರುತ್ತಿತ್ತು.

ಚಾಲಕ ಸ್ಟೀರಿಂಗಿನ ಮುಂದೆ ಕೂತ. ಪಕ್ಕದ ಸೀಟಿಗೆ ಹತ್ತಲು ಹೋದ ಗಂಡನ ಅಂಗಿಯನ್ನು ಕಿವಿಯಕ್ಕ ಹಿಡಿದೆಳೆದಳು. "ಅದು ಅವಳ ಜಾಗ." ಗಂಡಹೆಂಡಿರು ಕಿಟಕಿಯ ಬಳಿಯೇ ನಿಂತರು.

ಹೆಣ್ಣುದನಿಯೊಂದು ಶುರುವಾಯಿತು. ಸಣ್ಣಗೆ, ಆದರೆ ನೆಟ್ಟಗೆ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕೈಯಿಂದ ಅದನ್ನು ಸವರಿ ನೋಡಬೇಕು ಎಂದಿತು. ಅಳತೆ ಕೊಡಲು ಬಂದವರು ಹೊಟ್ಟೆ ಎಳೆದುಕೊಂಡು ನಿಲ್ಲುತ್ತಾರೆ, ಅವರನ್ನು ನಗಿಸಿ ಆಮೇಲೆ ಟೇಪು ಹಿಡಿಯಬೇಕು ಎಂದಿತು. ಚಾಲಕ ರಸ್ತೆಯನ್ನೇ ನೋಡುತ್ತಿದ್ದ, ಗಾಡಿ ನಿಂತಿದ್ದರೂ. ತುಟಿಗಳು ಅವಳ ಜೊತೆಗೇ ಅಲುಗುತ್ತಿದ್ದವು.

ಇದ್ದಕ್ಕಿದ್ದಂತೆ ದನಿ ನಿಂತಿತು.

"ಹೋಯ್ತು ಅಕ್ಕಾ! ಮತ್ತೆ ಕೆಟ್ಟೋಯ್ತು!" ಅವನು ರೇಡಿಯೋಗೆ ಗುದ್ದಲು ಕೈಯೆತ್ತಿದ.

"ಮುಟ್ಟಬೇಡ." ಅವಳು ಬಲಗಿವಿಯನ್ನು ಕಿಟಕಿಯೊಳಕ್ಕೆ ತಂದಿದ್ದಳು. "ರೇಡಿಯೋ ಸರಿಯಾಗಿದೆ. ಅವಳು ಅಲ್ಲೇ ಇದಾಳೆ. ಉಸಿರು ತಗೋತಿದಾಳೆ, ಕೇಳು."

ಅವನು ಕೇಳಿದ. ಚರಚರವಿಲ್ಲದ, ಕೊಯ್ಯಿಲ್ಲದ ಆ ಮೌನದೊಳಗೆ ಒಂದು ಉಸಿರು ನಿಜಕ್ಕೂ ಒಳಗೆ ಹೋಗಿ ಹೊರಗೆ ಬಂತು. ಕಾಗದ ಕದಲಿದ ಸದ್ದಾಯಿತು. ಆಮೇಲೆ ಸಿಕ್ಕಿಕೊಂಡಿದ್ದ ಮಾತು, ಮೊದಲ ಅಕ್ಷರ ಎರಡು ಸಲ ಎಡವಿ, ಹೊರಗೆ ಬಂತು. ಅದರ ಹಿಂದೆ ಉಳಿದವು ಸಾಲಾಗಿ ಬಂದವು. ಕೊನೆಯವರೆಗೂ ಬಂದವು.

ಹಾಡೊಂದು ಶುರುವಾದ ಮೇಲೂ ಅವನು ಇಳಿಯಲಿಲ್ಲ. ಕಿವಿಯಕ್ಕ ಸ್ಕ್ರೂಡ್ರೈವರುಗಳನ್ನು ಒಟ್ಟುಮಾಡುತ್ತಿದ್ದಳು.

"ಅಕ್ಕಾ, ಮನೆಗೆ ಹೋದ ತಕ್ಷಣ ಕೇಳ್ತಾಳೆ, ನಾನು ತೊದಲಿದ್ನಾ ಅಂತ. ಏನು ಹೇಳಲಿ?"

"ಕೇಳಿಸಿದ್ದನ್ನೇ ಹೇಳು. ನೀನು ಒಂದು ಕಡೆ ನಿಂತೆ, ಉಸಿರು ತಗೊಂಡೆ, ಮುಂದಕ್ಕೆ ಹೋದೆ ಅನ್ನು. ಉಸಿರೂ ಕೇಳಿಸ್ತು ಅನ್ನು."

"ಅವಳು ಬೇಜಾರು ಮಾಡ್ಕೊಂಡ್ರೆ? ಅಲ್ಲ ಅಕ್ಕಾ, ಒಂದು ವೇಳೆ ಅವಳು..."

ಎಡಗಡೆಯಲ್ಲಿ ಗಂಡ ಆಗಲೇ ಶುರು ಮಾಡಿದ್ದ: "ಕೆರೆದ ಜಾಗದ ಸುತ್ತ ಒಂದು ಸಣ್ಣ ಗೆರೆ ಎಳೆದುಬಿಡ್ತೀನಿ, ತಗಡು ಮುಟ್ಟಲ್ಲ, ಆಣೆ ಮಾಡ್ತೀನಿ, ನೋಡೇ ಇಲ್ಲಿ..."

ಬೀದಿಯ ತಿರುವಿನಲ್ಲಿ ಆಟೋವೊಂದು ಬರುತ್ತಿತ್ತು. ಅದರ ಹಿಂದಿನ ಸ್ಪೀಕರಿನಲ್ಲಿ ಹರಿದ ಕಾಗದ ಗಾಳಿಗೆ ಬಡಿದಂಥ ಗುರ್ರು. ಕಿವಿಯಕ್ಕ ಬಲಗಿವಿಯನ್ನು ಆ ಕಡೆ ತಿರುಗಿಸಿದಳು, ಸೆರಗಿಗೆ ಕೈ ಒರೆಸಿಕೊಂಡಳು, ಇಬ್ಬರನ್ನೂ ಅವರವರ ಮಾತಿನ ನಡುವೆಯೇ ಬಿಟ್ಟು ರಸ್ತೆಗೆ ನಡೆದಳು.