ಗೇಟಿನೊಳಗಿನ ಹಕ್ಕರಕಿ

ಜಹೀರಾಬಾದಿನ ಬಾಡಿಗೆ ಮನೆಯಲ್ಲಿ ಮೊದಲ ಬೆಳಗು. ಬಾಗಿಲು ತೆಗೆದರೆ ಗೇಟಿನೊಳಗೆ, ಹುಲ್ಲುಹಾಸಿನ ಮೇಲೆ, ಗುರುತಿಲ್ಲದ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತು ಏನನ್ನೋ ಕಿತ್ತು ಉಡಿಗೆ ತುಂಬಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಏಳಲೂ ಇಲ್ಲ.

"ಹೊಸಬರೇನ್ರಿ? ನೀರು ಜಾಸ್ತಿ ಬಿಡಬ್ಯಾಡ್ರಿ, ಗೋಳಿ ಪಲ್ಯ ಕೊಳೀತದ."

ತೆಲಂಗಾಣಕ್ಕೆ ಹೋಗುತ್ತಿದ್ದೇನೆಂದು ದಾರಿಯುದ್ದಕ್ಕೂ ತೆಲುಗು ಅಕ್ಷರ ತಿದ್ದಿಕೊಂಡು ಬಂದವನಿಗೆ ಮೊದಲ ಗದರಿಕೆ ಕನ್ನಡದಲ್ಲೇ, ಸೊಪ್ಪಿಗೆ ಪಲ್ಯ ಎನ್ನುವ ಕನ್ನಡದಲ್ಲಿ ಸಿಕ್ಕಿತ್ತು.

ನಾನು ಮದ್ದೂರಿನ ಕಡೆಯವನು. ಸಸ್ಯಶಾಸ್ತ್ರ ಓದಿದವನು, ಎಲ್ಲೂ ಎರಡು ವರ್ಷ ನಿಲ್ಲದವನು, ಈಗ ಇಲ್ಲಿನ ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವವನು. ಇಲ್ಲಿ ಕಾಲೇಜಿನಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ ಉರ್ದು, ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಕನ್ನಡ. ಒಬ್ಬಂಟಿಗನಿಗೆ ಯಾರೂ ಮನೆ ಕೊಡದ ಊರಿನಲ್ಲಿ ಈ ಮನೆ ಸಿಕ್ಕಿದ್ದು ಹುಲ್ಲಿನ ದೆಸೆಯಿಂದ. ಮಾಲೀಕರು ಇರುವುದು ಹೈದರಾಬಾದಿನಲ್ಲಿ. ಮುಂದಿನ ಲಾನನ್ನು ಚೊಕ್ಕವಾಗಿಟ್ಟುಕೊಂಡು ವಾರಕ್ಕೊಮ್ಮೆ ಫೋಟೊ ಕಳಿಸಬೇಕು. ಅದೇ ಕರಾರು.

ಹುಲ್ಲಿನ ಮೇಲೆ ಕೂತಿದ್ದವರು ಮಾಳಮ್ಮ. ಮೊಗುಡಂಪಲ್ಲಿ ಕಡೆಯ ಕುರಿಗಾರರ ಮನೆಯವರು, ಈಗ ಹಿಂದಿನ ಓಣಿಯಲ್ಲಿ ವಾಸ. ಮಗ ಹಿಂಡು ಹೊಡೆದುಕೊಂಡು ನ್ಯಾಲ್ಕಲ್ ಕಡೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಇವರು, ಸೊಸೆ ಅನಸೂಯಾ. ಮಳೆಗಾಲವಿಡೀ ಒಲೆಯ ಮೇಲಿನ ಪಲ್ಯ ಇವರು ಆಯ್ದು ತಂದದ್ದೇ. ಯಾವ ಸೊಪ್ಪು ಯಾವಾಗ ತಿನ್ನಬೇಕು ಎಂದು ಓಣಿಯ ಹೆಂಗಸರು ಇವರನ್ನೇ ಕೇಳುತ್ತಿದ್ದರು.

ಅವೆಲ್ಲ ಕಳೆ, ಹುಲ್ಲು ಬೆಳೆಯಲು ಬಿಡುವುದಿಲ್ಲ ಎಂದು ಒಮ್ಮೆ ತಿಳಿಸಿ ಹೇಳಲು ಹೋದೆ. ಅವರು ಹುಲ್ಲಿನ ಒಂದು ಎಸಳು ಕಿತ್ತು ನನ್ನ ಮುಂದೆ ಹಿಡಿದರು.

"ಇದು ಕರಿಕಿ ಅದರಿ. ಹೊಲದಾಗ ಇದನ್ನ ಕಿತ್ತು ಕಿತ್ತು ನಮ್ಮ ಕೈ ಸವದಾವ. ನೀವು ಇದಕ್ಕ ನೀರು ಕುಡಸ್ತೀರಿ, ತಿನ್ನೋ ಪಲ್ಯಕ್ಕ ಕಳಿ ಅಂತೀರಿ. ಭಾಳ ಓದೀರೇನ್ರಿ ಮಾಸ್ತರ?"

ಅವರ ಕರಿಕಿ ನಮ್ಮ ಕಡೆಯ ಗರಿಕೆಯೇ. ನಮ್ಮೂರಲ್ಲಿ ಹೀಗೆ ಯಾರೂ ಕಳೆ ತಿನ್ನುವುದಿಲ್ಲ ಎಂದೆ. ಆ ಸಂಜೆ ಮದ್ದೂರಿಗೆ ಫೋನು ಮಾಡಿ ಅಕ್ಕನಿಗೆ ಇದನ್ನೇ ತಮಾಷೆಯಾಗಿ ಹೇಳಿದೆ. "ಥೂ ಮರೆಗುಳಿ, ಅವ್ವ ಗದ್ದೆ ಬದೀಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು ತರ್ತಿರ್ಲಿಲ್ವಾ? ಬೆರಕೆ ಸೊಪ್ಪಿನ ಸಾರಿಗೆ ನೀನೇ ಅಲ್ವಾ ಮೊದಲು ತಟ್ಟೆ ಹಿಡೀತಿದ್ದವನು?" ಎಂದಳು. ಗೋಳಿ, ಗೋಣಿ ಎರಡೂ ಒಂದೇ ಗಿಡ. ಪುಸ್ತಕದಲ್ಲಿನ ಹೆಸರು ಗೊತ್ತಿತ್ತು, ತಟ್ಟೆ ಮರೆತಿತ್ತು. ನನ್ನ ನೆನಪನ್ನು ನಂಬಬಾರದೆಂದು ಅಂದೇ ತಿಳಿಯಬೇಕಿತ್ತು.

ಹೋದ ಮಳೆಗಾಲದಲ್ಲಿ ಮಾಲೀಕರ ಫೋನು ಬಂತು. ಮುಂದಿನ ವಾರದ ಭಾನುವಾರ ಮಗಳನ್ನು ನೋಡಲು ಗಂಡಿನವರು ಸ್ವಂತ ಊರಿನ ಈ ಮನೆಗೇ ಬರುತ್ತಾರೆ, ಲಾನಿನ ಮೇಲೇ ಕೂರಿಸಬೇಕು, ಒಂದು ಕಳೆಯೂ ಕಾಣಬಾರದು, ಆಗದಿದ್ದರೆ ಬೇರೆ ಬಾಡಿಗೆದಾರರು ಕಾಯುತ್ತಿದ್ದಾರೆ. ನನಗೆ ದಾರಿಗಳು ಗೊತ್ತಿದ್ದವು. ಮಳೆ ಬಿದ್ದ ಮಾರನೆಯ ದಿನ ಮಣ್ಣು ಮೆತ್ತಗಿರುವಾಗ ಬೇರುಸಮೇತ ಕೈಯಿಂದ ಕೀಳಬಹುದು. ಇಲ್ಲವೇ ಹುಲ್ಲನ್ನು ತೀರ ಬೋಳಿಸದೆ ತುಸು ಎತ್ತರಕ್ಕೆ ಬಿಟ್ಟು, ಕಳೆಯ ಮೊಳಕೆಗೆ ಬಿಸಿಲು ತಾಗದಂತೆ ಮಾಡಬಹುದು. ಎರಡೂ ಒಳ್ಳೆಯ ದಾರಿಗಳೇ, ಆದರೆ ಇಡೀ ಹಂಗಾಮು ಬೇಕು. ಮೂರನೆಯದು ಅಗಲ ಎಲೆಯ ಗಿಡಗಳನ್ನಷ್ಟೇ ಒಣಗಿಸಿ ಹುಲ್ಲನ್ನು ಉಳಿಸುವ ಔಷಧ. ಪರಿಣಾಮಕಾರಿ ಎಂದರೆ ಅದೇ ಎಂದು ತೀರ್ಮಾನಿಸಿ ಶುಕ್ರವಾರ ಸಂಜೆ ಹೊಡೆದೆ. ಶನಿವಾರ ನಸುಕಿನಲ್ಲೇ ಕಾಲೇಜಿಗೆ ಹೋದೆ.

ಸಂಜೆ ಮರಳಿದಾಗ ಗೇಟಿನ ಮುಂದೆ ಅನಸೂಯಾ ನಿಂತಿದ್ದಳು, ಕಂಕುಳಲ್ಲಿ ಟವೆಲು ಸುತ್ತಿದ ಕುರಿಮರಿ. ತಾಯಿ ಸತ್ತ ಮರಿ ಅದು, ಮಾಳಮ್ಮ ಬಾಟಲಿ ಹಾಲು ಕುಡಿಸಿ ಸಾಕಿದ್ದು. ಪಲ್ಯ ಸೋಸಿ ಉಳಿದ ದಂಟು ತಿನ್ನಲು ಆಗಷ್ಟೇ ಕಲಿತಿತ್ತು. ಈಗ ಅದರ ಕುತ್ತಿಗೆ ಜೋತುಬಿದ್ದಿತ್ತು.

"ಅತ್ತಿ ಮುಂಜಾನಿ ಇಲ್ಲಿಂದ ತಂದ ಪಲ್ಯ ಕುದೀಬೇಕಾದ್ರ ಎಣ್ಣಿ ವಾಸನಿ ಬಂತು, ಗಡಿಗಿ ಚೆಲ್ಲೀನಿ," ಎಂದಳು. ಬೆಳೆಗೆ ಹೊಡೆಯುವ ಔಷಧಕ್ಕೆ ಇಲ್ಲಿ ಎಣ್ಣೆ ಎನ್ನುತ್ತಾರೆ. "ನಾವು ಉಂಡಿದ್ರ ಏನಾಗ್ತಿತ್ರಿ? ಹೊಡದವರು ಒಂದು ಮಾತು ಹೇಳಬಾರದೇನ್ರಿ?"

ಮಾಳಮ್ಮ ಅವಳ ಹಿಂದೆ ನಿಂತಿದ್ದರು. ಓಣಿಯ ನಾಲ್ಕು ಜನ ಸೇರಿದ್ದರು.

"ಹೇಳಿದ್ದೇನಲ್ಲ! ಗುರುವಾರ ಸಂಜೆ, ಇದೇ ಗೇಟಿನ ಹತ್ತಿರ. ನಾಳೆ ಔಷಧ ಹೊಡೀತೀನಿ, ಕೀಳಬೇಡಿ ಅಂದೆ. ಇವರು 'ಆತ್ರಿ' ಅಂದರು," ಎಂದೆ. ನನಗೆ ಸಂಶಯವೇ ಇರಲಿಲ್ಲ. ಅವರ ಹಸಿರು ಸೀರೆ ಕೂಡ ಕಣ್ಣ ಮುಂದಿತ್ತು. ಸಾಲದ್ದಕ್ಕೆ ಸತ್ತ ಮರಿಯನ್ನು ಮುಂದಿಟ್ಟುಕೊಂಡು, ಮಳೆಗಾಲದಲ್ಲಿ ಮರಿಗಳು ಸಾಯಲು ಬೇರೆ ಕಾರಣಗಳೂ ಇರುತ್ತವೆ ಎಂದು ಎರಡು ಕಾರಣಗಳನ್ನು ವಿವರಿಸಿಯೂ ಬಿಟ್ಟೆ.

ಅನಸೂಯಾ ಅತ್ತೆಯ ಕಡೆ ತಿರುಗಿದಳು.

ಮಾಳಮ್ಮ ನನ್ನ ಮುಖ ನೋಡಿದರು. "ಹೇಳ್ಯಾರ ಕಾಣ್ತದ. ಓದಿದವರು ಸುಳ್ಳ ಯಾಕ ಹೇಳ್ತಾರ? ನನಗ ನೆನಪ ಇಲ್ಲ."

ಆಮೇಲೆ ಅವರು ಬರಲಿಲ್ಲ. ಅತ್ತೆ ತಂದ ಸೊಪ್ಪನ್ನು ಅನಸೂಯಾ ಒಲೆಯ ಹತ್ತಿರಕ್ಕೇ ಬಿಡುವುದಿಲ್ಲವಂತೆ ಎಂದು ಓಣಿಯಲ್ಲಿ ಕೇಳಿದೆ. ಮಾಲೀಕರ ಭಾನುವಾರ ಚೆನ್ನಾಗಿ ಮುಗಿಯಿತು. "ಒಂದೂ ಕಳೆ ಇಲ್ಲ," ಎಂದು ಬೆನ್ನು ತಟ್ಟಿದರು.

ಕೆಲವು ದಿನಗಳ ನಂತರ ಕಾಲೇಜಿನ ಕಾಗದಗಳನ್ನು ಜೋಡಿಸುವಾಗ ತಾಂಡೂರಿನ ಪ್ರಾಯೋಗಿಕ ಪರೀಕ್ಷೆಯ ಹಾಜರಿ ಚೀಟಿ ಕೈಗೆ ಸಿಕ್ಕಿತು. ಬುಧವಾರ, ಗುರುವಾರ, ಎರಡೂ ದಿನಕ್ಕೆ ನನ್ನದೇ ರುಜು. ಗುರುವಾರ ರಾತ್ರಿ ನಾನು ತಾಂಡೂರಿನ ಲಾಡ್ಜಿನಲ್ಲಿದ್ದೆ. ಶುಕ್ರವಾರ ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಮಾಳಮ್ಮನಿಗೆ ಅರ್ಥವಾಗುವ ಹಾಗೆ ಹೇಗೆ ಹೇಳಲಿ ಎಂದು ಆ ವಾಕ್ಯವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಆಡಿಕೊಂಡಿದ್ದೆ. ಅವರ ಉತ್ತರವನ್ನೂ ನಾನೇ ಆಡಿಕೊಂಡಿರಬೇಕು. ಹಸಿರು ಸೀರೆ ಉಡಿಸಿದ್ದೂ ನಾನೇ. ಮಂಗಳವಾರ ಹೇಳಿದ್ದಿರಬಹುದೇ ಎಂದು ತಡಕಾಡಿದೆ. ಮಂಗಳವಾರ ಔಷಧವನ್ನು ಕೊಂಡೇ ಇರಲಿಲ್ಲ.

ಹೇಳಲು ನಾಚಿಕೆಯಾಗುತ್ತದೆ, ಆ ಚೀಟಿಯನ್ನು ಪುಸ್ತಕದೊಳಗಿಟ್ಟು ಎಂಟು ದಿನ ಸುಮ್ಮನಿದ್ದೆ. ಎಲ್ಲರ ಮಾತಿಗೂ ಪುರಾವೆ ಕೇಳುವ ನಾನು, ನನ್ನ ವಿರುದ್ಧ ಸಿಕ್ಕ ಪುರಾವೆಯನ್ನು ಬಚ್ಚಿಟ್ಟೆ. ಒಂಬತ್ತನೆಯ ದಿನ ಅವರ ಮನೆಗೆ ಹೋದೆ. ಅನಸೂಯಾ ರೊಟ್ಟಿ ಬಡಿಯುತ್ತಿದ್ದಳು, ಮಾಳಮ್ಮ ತೊಗರಿಯಲ್ಲಿ ಕಲ್ಲು ಆರಿಸುತ್ತಿದ್ದರು. ನಿಂತೇ ಹೇಳಿದೆ: ಗುರುವಾರ ನಾನು ಊರಲ್ಲೇ ಇರಲಿಲ್ಲ, ಹೇಳಿಲ್ಲ, ತಪ್ಪು ನನ್ನದು.

ರೊಟ್ಟಿಯ ಸದ್ದು ನಿಂತಿತು. ಮಾಳಮ್ಮ ಮೊರವನ್ನು ಕೆಳಗಿಟ್ಟರು.

"ಅಂದ್ರ ನನ್ನ ತಲಿ ನೆಟ್ಟಗಽ ಅದ?" ಎಂದರು. "ಅವತ್ತಿಂದ ಉಪ್ಪು ಹಾಕೀನೋ ಇಲ್ಲೋ ಅಂತ ಎರಡೆರಡು ಸಲ ನೋಡ್ಲತ್ತೀನಿ. ಕೈ ಮುಟ್ಟಿದ ಎಲಿ ಯಾವುದು ಅಂತ ನನಗಽ ಗ್ಯಾರಂಟಿ ಇಲ್ಲ. ಅರಳು ಮರಳಾತು ಅಂತ ಮಗನಿಗೂ ಹೇಳೀನಿ."

ಬೈದಿದ್ದರೆ ಸಹಿಸಬಹುದಿತ್ತು. ನನ್ನ ರೋಗವನ್ನು ಅವರಿಗೆ ಅಂಟಿಸಿದ್ದೆ. ಅನಸೂಯಾ ನನ್ನನ್ನು ನೋಡದೆ, "ಅತ್ತಿ, ನಾನೂ ಭಾಳ ಅಂದೆ," ಎಂದಳು. ನನಗೆ ಯಾರೂ ಕೂಡ್ರಿ ಎನ್ನಲಿಲ್ಲ.

ಈ ಮಳೆಗಾಲಕ್ಕೆ ಕೈಯಿಂದಲೇ ಕೀಳುತ್ತಿದ್ದೇನೆ. ಹುಲ್ಲನ್ನು ತುಸು ಎತ್ತರ ಬಿಟ್ಟಿದ್ದೇನೆ. ತಿನ್ನಲಾಗದ್ದನ್ನು ಕಿತ್ತು, ಗೋಳಿ, ಹಕ್ಕರಕಿಯಂಥ ತಿನ್ನುವ ಸೊಪ್ಪುಗಳನ್ನು ಗೋಡೆಯ ಬದಿಗೆ ಬಿಟ್ಟಿದ್ದೇನೆ. ಫೋಟೊ ತೆಗೆಯುವಾಗ ಆ ಬದಿ ಬಾರದಂತೆ ನೋಡಿಕೊಳ್ಳುತ್ತೇನೆ. ಇವತ್ತು ಬೆಳಿಗ್ಗೆ ಗೇಟು ಸದ್ದಾಯಿತು. ಮಾಳಮ್ಮ ಒಳಗೆ ಬಂದು ಗೋಡೆಯ ಬದಿಯಲ್ಲಿ ಕೂತರು, ಆದರೆ ಕೈ ಚಾಚಲಿಲ್ಲ.

"ಏನರ ಹೊಡದೀರೇನ್ರಿ?"

"ಇಲ್ಲ."

"ನೆನಪ ಮಾಡ್ಕೊಂಡು ಹೇಳ್ರಿ ಮಾಸ್ತರ."

ನಾನು ಹೊಡೆದಿಲ್ಲ. ಬಗ್ಗಿ ಹಕ್ಕರಕಿಯ ನಾಲ್ಕೆಲೆ ಕಿತ್ತು, ತೊಳೆಯದೆ, ಅವರ ಮುಂದೆಯೇ ಅಗಿದು ನುಂಗಿದೆ. ಮಣ್ಣು ಹಲ್ಲಿಗೆ ಸಿಕ್ಕಿತು. ಅವರು ನಗಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದರು.

"ನಾಳಿಗಿ ಬರ್ತೀನಿ. ನೀವು ಆರಾಮ ಇದ್ರ ಕೀಳ್ತೀನಿ."

ಸಂಜೆ ಅಕ್ಕ ಫೋನು ಮಾಡಿ ಎರಡು ದಿನ ರಜೆ ಇದೆಯಲ್ಲ, ರಾತ್ರಿಯೇ ಹೊರಟು ಬಾ, ಬೆರಕೆ ಸೊಪ್ಪಿನ ಸಾರು ಮಾಡುತ್ತೇನೆ ಎಂದಳು. ನಾಲಿಗೆಯಲ್ಲಿ ಇನ್ನೂ ಹಕ್ಕರಕಿಯ ಕಹಿಯಿತ್ತು. ಆಗುವುದಿಲ್ಲ ಅಕ್ಕ, ಎಂದೆ. ನಾಳೆ ಬೆಳಿಗ್ಗೆ ನಾನು ಆರಾಮವಾಗಿದ್ದೇನೋ ಇಲ್ಲವೋ ನೋಡಲು ಇಲ್ಲಿ ಒಬ್ಬರು ಬರುತ್ತಾರೆ.