ಚಾಚಿಯ ಗಿರಾಕಿಗಳನ್ನು ಒಳಗಿಟ್ಟುಕೊಂಡ ಆಪ್

ಚಾಚಿಯ ಎಡಗೈ ತೋರುಬೆರಳಿನ ಉಗುರಿನ ನಟ್ಟನಡುವೆ ಒಂದು ಕರಿ ಚುಕ್ಕೆ ಇತ್ತು. ಒಮ್ಮೆ ಮಷಿನ್ ಸೂಜಿ ಅಲ್ಲಿ ಹಾಯ್ದುಹೋಗಿತ್ತಂತೆ. ಬೆರಳಿಗೆ ಚಿಂದಿ ಸುತ್ತಿಕೊಂಡು, ಕೈಯಲ್ಲಿದ್ದ ಜಂಪರು ಮುಗಿಸಿಯೇ ದವಾಖಾನೆಗೆ ಹೋದವಳು ಆಕೆ. ಮಸ್ಕಿಯ ನಮ್ಮ ಓಣಿಯ ಟೇಲರ್, ಓಣಿಗೆಲ್ಲ ಚಾಚಿ. ನನ್ನ ಶಾಲೆಯ ಲಂಗದಿಂದ ಮದುವೆಯ ಜಂಪರಿನವರೆಗೆ ಎಲ್ಲ ಆಕೆಯೇ ಹೊಲಿದದ್ದು. ಅಳತೆ ತೆಗೆಯುವಾಗ, "ಉಸರು ಬಿಡು ಬೇ. ಹೊಟ್ಟಿ ಒಳಗ ಹಿಡದ್ರ ಟೇಪು ಸುಳ್ಳು ಹೇಳ್ತದ" ಎನ್ನುತ್ತಿದ್ದಳು.

ಆಕೆಯ ಫೋನಿಗೆ ಆ ಮೆಸೇಜ್ ಆಪ್ ಹಾಕಿಕೊಟ್ಟವಳು ನಾನೇ. ಪುಕ್ಕಟೆ, ಎಲ್ಲರೂ ಅದರಲ್ಲೇ ಇದ್ದಾರೆ ಎಂದಿದ್ದೆ. ಮುದಗಲ್ಲಿನಿಂದ ಕುತ್ತಿಗೆಯ ಡಿಸೈನುಗಳು ಬಂದವು. ಸಿಂಧನೂರಿನ ಹತ್ತಿರದ ನಿರಾಶ್ರಿತರ ಊರು ಆರ್.ಎಚ್. ಕ್ಯಾಂಪಿನ ಬಂಗಾಳಿ ಹೆಂಗಸರು ಅಳತೆ ಕಳಿಸಿದರು. ಅವರ ನಂಬರುಗಳು ಬೇರೆಲ್ಲೂ ಇರಲಿಲ್ಲ.

ಒಂದು ಬೆಳಿಗ್ಗೆ ಆಪ್ ತೆರೆಯಲಿಲ್ಲ. ನಿಯಮ ಮೀರಿದ್ದೀರಿ, ಈ ಆಪಿನಲ್ಲಿ ನಿಮ್ಮ ನಂಬರು ಬಂದ್ ಎಂದಿತ್ತು. ಯಾವ ನಿಯಮ ಎಂದು ಹೇಳಲಿಲ್ಲ. ರಂಜಾನಿಗೆ ಹೊಸ ಡಿಸೈನುಗಳ ಫೋಟೊಗಳನ್ನು ಎಲ್ಲರಿಗೂ ಒಮ್ಮೆಗೇ ಕಳಿಸಿದ್ದು ತಪ್ಪಾಯಿತೇನೋ. ಅರ್ಜಿ ಹಾಕಿದೆ, ಮನುಷ್ಯರಾರೂ ಉತ್ತರಿಸಲಿಲ್ಲ. ಬೇರೆ ಆಪ್ ಹಾಕಿಕೊಟ್ಟರೆ, ಅದರಲ್ಲಿ ಆಕೆಯ ಒಬ್ಬ ಗಿರಾಕಿಯೂ ಇಲ್ಲ. ಅದರಿಂದ ಇದಕ್ಕೆ ಮೆಸೇಜು ಹೋಗುವುದೂ ಇಲ್ಲ.

"ಯಾಕ ಹೋಗಂಗಿಲ್ಲ?" ಎಂದಳು ಚಾಚಿ. "ಯಾವ ಕಂಪನಿ ಸಿಮ್ಮಿದ್ರೂ ಇನ್ನೊಂದು ಕಂಪನಿಗೆ ಫೋನ್ ಹತ್ತತದ. ಇವ್ರಿಗೇನು ರೋಗ?"

ಹೋಗಬಾರದೆಂದೇ ಹಾಗೆ ಮಾಡಿದ್ದಾರೆ ಎಂದೆ. ಚಾಚಿ ಫೋನನ್ನು ಮಷಿನ್ ಮೇಲಿಟ್ಟಳು. "ಅಂದ್ರ ನನ್ನ ಗಿರಾಕಿನ ಒಳಗಿಟ್ಟು ಕೀಲಿ ಹಾಕ್ಯಾರ."

ಗಿರಾಕಿಗಳನ್ನು ಹುಡುಕಿಕೊಂಡು ಇಬ್ಬರೂ ಬಸ್ಸು ಹತ್ತಿ ಕ್ಯಾಂಪಿಗೆ ಹೋದೆವು. ಒಂದು ಮನೆಯ ಮದುಮಗಳ ತಾಯಿ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದಳು. ನಾಲ್ಕು ಸಲ ಮೆಸೇಜು ಹಾಕಿ ಕೇಳಿದರೂ ಉತ್ತರ ಕೊಡದವರನ್ನು ಮದುವೆ ಬಟ್ಟೆಗೆ ಹೇಗೆ ನಂಬುವುದು, ಸಿಂಧನೂರಿನಲ್ಲೇ ಹೊಲಿಯಲು ಕೊಟ್ಟಾಯಿತು ಎಂದಳು. ಹೇಳಿದ ದಿನಕ್ಕೆ ಎಂದೂ ತಪ್ಪದ ಚಾಚಿ ತಲೆ ತಗ್ಗಿಸಿ ನಿಂತಿದ್ದಳು. ನಾನು ವಿವರಿಸಲು ಹೋದರೆ ಕೈ ಹಿಡಿದು ಎಳೆದಳು.

ಇಷ್ಟವಿಲ್ಲದಿದ್ದರೆ ಬೇರೆ ಆಪ್ ಬಳಸಿ, ಪೈಪೋಟಿ ಇಲ್ಲವೇ ಎನ್ನುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಊರನ್ನೆಲ್ಲ ಒಳಗೆ ಕರೆದು ಅಗಳಿ ಹಾಕಿಕೊಂಡವರ ಎದುರು ಯಾರು ಅಂಗಡಿ ತೆರೆಯಬೇಕು?

ಕಳೆದ ಚಳಿಗಾಲ ಲಿಂಗಸುಗೂರಿನ ದವಾಖಾನೆಯಲ್ಲಿ ಚಾಚಿ ತೀರಿಕೊಂಡಳು. ಮಣ್ಣು ಕೊಡಲು ಜನ ಬರಬೇಕಿತ್ತು. ಆಕೆಯನ್ನು ಹೊರಗೆ ಹಾಕಿದ ಆ ಆಪಿನಲ್ಲೇ, ನನ್ನ ನಂಬರಿನಿಂದ, ಸುದ್ದಿ ಹಾಕಿದೆ. ಬೇರೆಲ್ಲಿ ಹಾಕಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ.