ನನ್ನ ಕಿವಿಯ ಸುದ್ದಿ ನನಗೇ ಕೊನೆಗೆ

ಮೊದಲು ಕೇಳಿಸದೆ ಹೋದದ್ದು ನೀರಿನ ಸದ್ದು.

ಟೈಫಾಯಿಡ್ ಬಂದು ಇಪ್ಪತ್ತೆರಡು ದಿನ ಮಲಗಿದ್ದೆ. ಆಗಷ್ಟೇ ಗಂಜಿ ಬಿಟ್ಟು ಮುದ್ದೆಗೆ ಬಂದಿದ್ದೆ. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು, ಮನೆಯವರ ಮಾತು ದಿನದಿನಕ್ಕೆ ದೂರವಾದಂತಿತ್ತು. ನಿಶ್ಶಕ್ತಿ, ತಾನಾಗಿ ಹೋಗುತ್ತದೆ ಎಂದುಕೊಂಡೆ. ಆ ಬೆಳಿಗ್ಗೆ ಕಪಿಲೆ ಹೊಡೆಯಲು ಹೋದೆ.

ನಮ್ಮದು ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿ. ಬಾವಿ ನೀರಿನ ಬೇಸಾಯ. ಕಪಿಲೆ ಹೊಡೆಯುವವನು ಬಾವಿಗೆ ಬೆನ್ನು ಮಾಡಿ, ಹಗ್ಗದ ಮೇಲೆ ಕೂತು, ಎತ್ತುಗಳನ್ನು ಇಳಿಜಾರಿನಲ್ಲಿ ಕೆಳಕ್ಕೆ ಹೊಡೆಯುತ್ತಾನೆ. ಅವನ ಹಿಂದೆ ಚರ್ಮದ ಚೀಲ ಬಾವಿಯಿಂದ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಆ ಸದ್ದು ಕೇಳಿ ಎತ್ತು ನಿಲ್ಲಿಸಬೇಕು, ಸದ್ದು ನಿಂತ ಮೇಲೆ ಹಿಮ್ಮೆಟ್ಟಿಸಬೇಕು. ಹದಿನಾಲ್ಕನೇ ವಯಸ್ಸಿನಿಂದ ಏಳು ವರ್ಷ ಹೊಡೆದವನು ನಾನು. ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಅವತ್ತು ಸದ್ದು ಬರಲೇ ಇಲ್ಲ. ಚೀಲ ಇನ್ನೂ ಮೇಲೆ ಬಂದಿಲ್ಲವೆಂದು ಎತ್ತುಗಳನ್ನು ಮುಂದಕ್ಕೇ ಹೊಡೆದೆ. ಚೀಲ ಹೋಗಿ ರಾಟೆಗೆ ಸಿಕ್ಕಿಕೊಂಡಿತು. ಹಗ್ಗ ಕಿತ್ತುಹೋಗಿ ಮುಗ್ಗರಿಸಿ ಬಿದ್ದೆ. ಅಪ್ಪ ತೊಟ್ಟಿಯ ಹತ್ತಿರ ನಿಂತು ಕೈ ಬೀಸುತ್ತಾ ಬಾಯಿ ತೆರೆದು ಮುಚ್ಚುತ್ತಿದ್ದ.

ಒಂದಕ್ಷರವೂ ನನ್ನ ತನಕ ಬರಲಿಲ್ಲ.

ಆಸ್ಪತ್ರೆಗೆ ಹೋದೆವು. ಯುದ್ಧದ ಕಾಲ. ಇದ್ದಿಲು ಗ್ಯಾಸಿನ ಬಸ್ಸು ದಾರಿಯಲ್ಲಿ ಎರಡು ಸಲ ನಿಂತು ನಮ್ಮ ಕೈಯಲ್ಲೇ ತಳ್ಳಿಸಿಕೊಂಡಿತು. ಡಾಕ್ಟರು ಕವಲಾದ ಉಕ್ಕಿನ ಕಡ್ಡಿಯೊಂದನ್ನು ಬಡಿದು ಕಿವಿಯ ಹತ್ತಿರ ಹಿಡಿದರು, ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಆಮೇಲೆ ನನ್ನನ್ನು ಬೆಂಚಿನ ಮೇಲೆ ಬಿಟ್ಟು ಅಪ್ಪನ ಜೊತೆ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದ ಮೇಲೆ "ಏನಂದ್ರು?" ಎಂದು ಕೇಳಿದೆ. ಅಪ್ಪ ಅಂಗೈ ತೋರಿಸಿ, ತಾಳು ಎಂಬಂತೆ ಸನ್ನೆ ಮಾಡಿದ. "ಸರಿಹೋಯ್ತದೆ" ಎಂದು ತುಟಿ ಆಡಿತು.

ನಂಬಿದೆ. ಅಪ್ಪ ಹೇಳಿದ್ದನ್ನು ನಂಬದೆ ಇನ್ನೇನು ಮಾಡಲಿ?

ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಜಗ್ಗಲಿಲ್ಲ. ಅಷ್ಟರಲ್ಲಿ ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ಕಾರಣ ಕಂಡುಹಿಡಿದಳು. ಹಿಂದಿನ ಬೇಸಿಗೆಯಲ್ಲಿ ಕಾಲುವೆಗೆ ಅಡ್ಡವಾಗಿದ್ದ ಹುತ್ತವನ್ನು ನಾನು ಅಗೆದಿದ್ದೆ. ಅದಕ್ಕೇ ನಾಗಪ್ಪ ಮುನಿದು ಕಿವಿ ಕಿತ್ತುಕೊಂಡನಂತೆ. ಘಾಟಿಯ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ನಾಗರಕಲ್ಲಿಗೆ ಹಾಲೆರೆಸಿದರು. ಕಿವಿಗೆ ಹುತ್ತದ ಮಣ್ಣು ಮೆತ್ತಿದರು. ವಾರವಾರವೂ ಮೆತ್ತಿದರು. ಇಪ್ಪತ್ತೊಂದು ವರ್ಷದ ಗಂಡಸು ಕಿವಿಯಲ್ಲಿ ಮಣ್ಣು ತುಂಬಿಕೊಂಡು ಜಗುಲಿಯ ಮೇಲೆ ಕೂತಿರುತ್ತಿದ್ದೆ. ನೋಡಿದವರು ನಗುತ್ತಿದ್ದರು. ಕೇಳಿಸದಿದ್ದರೇನು, ಹಲ್ಲು ಕಾಣುತ್ತಿತ್ತಲ್ಲ!

ಕಪಿಲೆ ಕೈತಪ್ಪಿತು. ಅಪ್ಪ ಬಾರುಕೋಲನ್ನು ಒಬ್ಬ ಆಳಿನ ಕೈಗೆ ಕೊಟ್ಟ. ಕಿವಿ ಬಂದ ಮೇಲೆ ನೀನೇ ಹೊಡೆಯುವೆಯಂತೆ ಎಂದು ಸನ್ನೆಯಲ್ಲೇ ಸಮಾಧಾನ ಮಾಡಿದ. ಕರುವಾಗಿದ್ದಾಗಿಂದ ನಾನೇ ಸಾಕಿದ ಎತ್ತುಗಳನ್ನು ಇನ್ನೊಬ್ಬ ಹೊಡೆಯುವುದನ್ನು ನೋಡುತ್ತಾ, ಇವತ್ತು ಬರಬಹುದು, ನಾಳೆ ಬರಬಹುದು ಎಂದು ಕಿವಿಗಾಗಿ ಕಾಯುತ್ತಾ ಮೂರು ತಿಂಗಳು ಕಳೆದೆ.

ಒಂದು ದಿನ ತಡೆಯಲಾಗಲಿಲ್ಲ. ಮಣ್ಣು ತೊಳೆದುಕೊಂಡು, ಸ್ಲೇಟು ಹಿಡಿದು, ಒಬ್ಬನೇ ಆಸ್ಪತ್ರೆಗೆ ನಡೆದೆ. ಲೋಯರ್ ಸೆಕೆಂಡರಿ ತನಕ ಓದಿದ್ದು ಅವತ್ತು ಕೆಲಸಕ್ಕೆ ಬಂತು. "ಯಾವಾಗ ಬರುತ್ತೆ, ಬರ್ದುಕೊಡಿ ಸ್ವಾಮಿ" ಎಂದೆ. ಡಾಕ್ಟರು ನನ್ನ ಮುಖ ನೋಡಿದರು. ಬರೆದರು.

"ಬರುವುದಿಲ್ಲ. ಜ್ವರದಿಂದ ಕಿವಿಯ ನರ ಸತ್ತಿದೆ. ಅವತ್ತೇ ನಿಮ್ಮ ತಂದೆಗೆ ಹೇಳಿದ್ದೆನಲ್ಲ."

ಅವತ್ತೇ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಕಿವಿ ಹೋಯಿತೆಂದು ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಜ್ವರಕ್ಕೆ ಕಣ್ಣಿಲ್ಲ, ಯಾರ ಮೈಗಾದರೂ ಬರುತ್ತದೆ. ಆದರೆ ಹೆತ್ತ ಅಪ್ಪ, ಬಾರದ ಕಿವಿ ಬರುತ್ತದೆಂದು ಮಗನನ್ನು ಊರ ಮುಂದೆ ಹಾಗೆ ಕೂರಿಸಬಹುದೇ? ಅಪ್ಪ ಬಾವಿಯ ಹತ್ತಿರವೇ ಇದ್ದ.

"ನಿಂಗೊತ್ತಿತ್ತು! ಗೊತ್ತಿದ್ದೂ ನನ್ ಕಿವೀಗೆ ಮಣ್ಣ್ ಮೆತ್ಸಿದ್ಯಲ್ಲೋ!"

ಎಷ್ಟು ಜೋರಾಗಿ ಕೂಗಿದೆನೋ ನನಗೆ ತಿಳಿಯದು. ಎತ್ತುಗಳು ಬೆದರಿದವು. ಪಕ್ಕದ ಹೊಲದವರು ಎದ್ದು ನಿಂತರು. ಅಪ್ಪ ತಲೆ ತಗ್ಗಿಸಿ ಏನೋ ಹೇಳಿದ. ಅವನ ಗದ್ದ ಹಿಡಿದು ಮೇಲೆತ್ತಿದೆ. ಅಪ್ಪನ ಮೈಮೇಲೆ ಹಾಗೆ ಕೈ ಹಾಕಿದ್ದು ಅದೇ ಮೊದಲು.

"ಮುಖ ನೋಡ್ಕೊಂಡ್ ಹೇಳು."

ಅಪ್ಪ ಎರಡು ಸಲ ಹೇಳಬೇಕಾಯಿತು. "ಹುತ್ತ ಅಗಿ ಅಂದೋನು ನಾನು ಕಣೋ. ನಾನ್ ಮಾಡಿದ್ ಪಾಪ ನಿನ್ ತಲೆಗ್ ಬಂತು. ಯಾವ್ ಬಾಯಲ್ಲಿ ಹೇಳ್ಲಿ?"

"ಜ್ವರ ಬಂದ್ ಕಿವಿ ಹೋಗಿದ್ದು ಕಣಪ್ಪಾ! ಹುತ್ತದಿಂದ ಅಲ್ಲ!" ಎಂದೆ. ಅಪ್ಪ ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.

ಸಿಟ್ಟಿನಲ್ಲೇ ಆಳನ್ನು ಇಳಿಸಿ ನಾನು ಹಗ್ಗದ ಮೇಲೆ ಕೂತೆ. ಮೊದಲೆರಡು ಸಲ ಅರ್ಧ ನೀರು ಬಾವಿಗೇ ವಾಪಸು ಹೋಯಿತು. ಮೂರನೆಯ ಸಲ ತೊಡೆಯ ಕೆಳಗೆ ಹಗ್ಗ ಬಿಗಿದುಕೊಂಡದ್ದು, ಚೀಲ ಬರಿದಾಗುತ್ತಾ ಸಡಿಲವಾದದ್ದು ತಿಳಿಯಿತು. ಏಳು ವರ್ಷ ಅದರ ಮೇಲೆಯೇ ಕೂತಿದ್ದೆ, ಕಿವಿ ಇದ್ದುದರಿಂದ ಗಮನಿಸಿರಲಿಲ್ಲ. ಸಂಜೆಯ ಹೊತ್ತಿಗೆ ತೊಟ್ಟಿ ತುಂಬಿ ಹರಿಯಿತು. ಅಪ್ಪ ಬಾರುಕೋಲು ಕೇಳಲಿಲ್ಲ.

ಈಗ ಎರಡು ತಿಂಗಳಾಯಿತು. ಕಪಿಲೆ ನಾನೇ ಹೊಡೆಯುತ್ತಿದ್ದೇನೆ. ಕಿವಿಯ ಗುಂಯ್ ಹೋಗಿಲ್ಲ. ಕಿವಿ ಬರುತ್ತದೆಂದು ಕಾಯುವುದನ್ನು ಬಿಟ್ಟಿದ್ದೇನೆ, ಅಷ್ಟು ನೆಮ್ಮದಿ. ಅಪ್ಪನ ಜೊತೆ ಮಾತ್ರ ನೆಟ್ಟಗೆ ಮಾತಿರಲಿಲ್ಲ.

ನಿನ್ನೆ ಎತ್ತು ಬಿಚ್ಚುತ್ತಿದ್ದಾಗ ಅಪ್ಪ ಬಂದು ಎದುರಿಗೆ ನಿಂತ. ನನಗೆ ತುಟಿ ಕಾಣಲೆಂದು ತಲೆಗೂ ಬಾಯಿಗೂ ಸುತ್ತಿದ್ದ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡು, ನಿಧಾನವಾಗಿ ಹೇಳಿದ.

"ಬಯ್ಯೋದ್ ಇನ್ನೂ ಇದ್ರೆ ಬೈದ್ಬಿಡೋ. ಕೇಳ್ತೀನಿ."

"ಬಾಳ ಐತೆ" ಎಂದೆ.

ಅಪ್ಪ ಬದುವಿನ ಮೇಲೆ ಕೂತುಕೊಂಡ.